ಹಿಟ್ಟಿನ ಬೋಗುಣಿಯ ಕಂದು ಚುಕ್ಕಿ

ಮೊದಲ ಚುಕ್ಕಿಯನ್ನು ಕಂಡವಳು ನಾನಲ್ಲ, ದಾಂಡೇಲಿ ಬಸ್ ನಿಲ್ದಾಣದ ಎದುರು ಚಹಾದಂಗಡಿ ಇಟ್ಟಿರುವ ಕಾಕಾ. ಒಂದು ಮಂಗಳವಾರ ಬೆಳಿಗ್ಗೆ ನಾನು ಜೊಯಿಡಾ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಅವರು ತಟ್ಟೆಯಲ್ಲಿ ಒಂದೇ ಒಂದು ಇಡ್ಲಿ ಇಟ್ಟುಕೊಂಡು ರಸ್ತೆ ದಾಟಿ ಬಂದರು.

"ತಂಗಿ, ನಿಮ್ಮ ಇಡ್ಲಿಗೆ ಅಮ್ಮ ಬಂದಾಳೇನ ನೋಡು ಸ್ವಲ್ಪ," ಎಂದರು.

ಬಿಳಿ ಇಡ್ಲಿಯ ಮೇಲೆ ಎಳ್ಳಿಗಿಂತ ಸಣ್ಣ ಮೂರು ಕಂದು ಚುಕ್ಕಿಗಳಿದ್ದವು. ಉಗುರಿನಿಂದ ಕೆರೆದೆ. ಚುಕ್ಕಿ ಎದ್ದು ಬಂತು, ಆದರೆ ಅದರ ಸುತ್ತ ಒಂದು ಹಳದಿ ಕಲೆ ಉಳಿಯಿತು.

"ಜೀರಿಗಿ ಇರಬೇಕ ಕಾಕಾ."

"ಜೀರಿಗಿ ನಾ ನೋಡಿಲ್ಲೇನ? ಗಿರಾಕಿ ಇಡ್ಲಿ ನೋಡಿದ, ನನ್ನ ಮಾರಿ ನೋಡಿದ, ಎದ್ದ ಹೋದ. ನಿಮ್ಮವ್ವಗ ಹೇಳು, ಇನ್ನ ನಾಕ ಸಲ ಹಿಂಗಾತಂದ್ರ ನಾ ಬ್ಯಾರೆ ಹಿಟ್ಟ ನೋಡ್ಕೋತೇನಿ."

ಬಸ್ಸಿನಲ್ಲಿ ಕೂತು ದಿನಚರಿಯಲ್ಲಿ ಬರೆದುಕೊಂಡೆ: ಮಂಗಳವಾರ, ಚುಕ್ಕಿ ಮೂರು, ಜೀರಿಗೆ ಅಲ್ಲ.

ಆ ಇಡ್ಲಿಯ ಹಿಟ್ಟು ನಮ್ಮ ಮನೆಯದು. ಅಪ್ಪ ತೀರಿಕೊಂಡ ಮರುವರ್ಷ ಅವ್ವ ಹಿಟ್ಟು ರುಬ್ಬಿ ಮಾರಲು ಶುರು ಮಾಡಿದಳು. ಮೊದಲು ಓಣಿಯ ನಾಲ್ಕು ಮನೆಗಳಿಗೆ, ಆಮೇಲೆ ಕಾಕಾನ ಅಂಗಡಿಗೆ. ಅಣ್ಣ ಗೋವಾಕ್ಕೆ ಸಾಮಾನು ಸಾಗಿಸುವ ಗಾಡಿ ಓಡಿಸುತ್ತಾನೆ, ವಾರದಲ್ಲಿ ಹೆಚ್ಚು ದಿನ ಗಡಿಯ ಅನಮೋಡದ ಆಚೆಯೇ ಇರುತ್ತಾನೆ. ಕಳೆದ ವರ್ಷ ಅವನ ಮದುವೆಯಾಗಿ ಮುಂಡಗೋಡ ತಾಲೂಕಿನ ಮಳಗಿಯಿಂದ ವೈನಿ ಬಂದಳು. ನಾನು ಜೊಯಿಡಾದಲ್ಲಿ ಸರಕಾರಿ ಕಚೇರಿಗಳ ಎದುರಿಗಿರುವ ಝೆರಾಕ್ಸ್ ಅಂಗಡಿಯಲ್ಲಿ ಜನರ ಅರ್ಜಿ ತುಂಬಿಕೊಡುವ ಕೆಲಸ ಮಾಡುತ್ತೇನೆ. ಒಂದು ಅಕ್ಷರ ತಪ್ಪಿದರೆ ಅರ್ಜಿ ಹಿಂದೆ ಬರುತ್ತದೆ. ಆ ಕೆಲಸ ಮಾಡಿ ಮಾಡಿ ಎಲ್ಲದಕ್ಕೂ ತಾರೀಖು ಹಾಕುವ ಚಟ ಹತ್ತಿದೆ. ಗ್ಯಾಸ್ ಸಿಲಿಂಡರ್ ಹಚ್ಚಿದ ದಿನ, ಉಪ್ಪಿನಕಾಯಿ ಭರಣಿ ತೆರೆದ ದಿನ, ಹಿಟ್ಟು ಬೋಗುಣಿಯಲ್ಲಿ ಎಷ್ಟು ಬೆರಳು ಉಬ್ಬಿತು ಎನ್ನುವುದು, ಎಲ್ಲ ಬರೆದಿಡುತ್ತೇನೆ.

ಹಿಟ್ಟು ಉಬ್ಬುವುದು ಕೈಯ ಮೇಲೆ ಎಂದು ನಮ್ಮಲ್ಲಿ ನಂಬಿಕೆ. ಸಂಜೆ ರುಬ್ಬಿದ ಹಿಟ್ಟಿಗೆ ಉಪ್ಪು ಹಾಕಿ, ಸೌಟಿನಿಂದಲ್ಲ, ಕೈಯಿಂದಲೇ ಕಲಸಬೇಕು. ಅವ್ವನ ಕೈ ವಯಸ್ಸಾದಂತೆ ತಂಪಾಯಿತು. ವೈನಿ ಬಂದ ಎರಡನೇ ತಿಂಗಳಲ್ಲಿ ಒಂದು ದಿನ ಅವ್ವನಿಗೆ ಜ್ವರ ಬಂದು ವೈನಿ ಕಲಸಿದಳು. ಮರುದಿನ ಬೆಳಿಗ್ಗೆ ಹಿಟ್ಟು ಮುಚ್ಚಳ ಎತ್ತಿಕೊಂಡು ನಿಂತಿತ್ತು. ಅಂದಿನಿಂದ ಕಲಸುವುದು ವೈನಿಯ ಪಾಲಿಗೆ ಬಂತು. ಉಳಿದ ಎಲ್ಲ ಕೆಲಸದಲ್ಲೂ ಅವ್ವ ಅವಳ ಹಿಂದೆ ನಿಂತು ನೋಡುತ್ತಿದ್ದಳು. ಇದೊಂದನ್ನು ಮಾತ್ರ ಅವಳಿಗೇ ಬಿಟ್ಟುಕೊಟ್ಟಿದ್ದಳು. ನಮ್ಮ ಮನೆಯಲ್ಲಿ ವೈನಿಗೆ ತನ್ನದು ಎಂದು ಸಿಕ್ಕಿದ ಮೊದಲ ಜಾಗ ಅದು.

ದೀಪಾವಳಿಯವರೆಗೆ ಹಿಟ್ಟನ್ನು ಹಳೆಯ ಅಲ್ಯೂಮಿನಿಯಂ ಡಬರಿಯಲ್ಲಿ ಇಡುತ್ತಿದ್ದೆವು. ಅದರ ತಳ ಹುಳಿ ತಿಂದು ತೂತು ಬಿತ್ತು. ಆಗ ವೈನಿಯ ತವರಿನವರು ಮದುವೆಯಲ್ಲಿ ಕೊಟ್ಟಿದ್ದ ಎರಡು ದೊಡ್ಡ ಸ್ಟೀಲ್ ಬೋಗುಣಿಗಳನ್ನು ಅಟ್ಟದಿಂದ ಇಳಿಸಿದೆವು. ಎರಡರ ಒಳಗೂ, ಅಂಚಿನಿಂದ ಎರಡು ಬೆರಳು ಕೆಳಗೆ, ಅವಳ ತಂದೆಯ ಹೆಸರು, ಅದರ ಕೆಳಗೆ 'ಮಳಗಿ' ಎಂದು ಚುಕ್ಕಿ ಚುಕ್ಕಿಯಾಗಿ ಕೊರೆಸಿದ್ದರು. ಬೇರೆ ಊರಿನವರು ಹೆಸರನ್ನು ಹೊರಗೆ ಕೊರೆಸುತ್ತಾರೆ. ಮುಂಡಗೋಡ, ಹಳಿಯಾಳದ ನಮ್ಮ ಹಳ್ಳಿಗಳ ಕಡೆ ಪಾತ್ರೆ ಮದುವೆ ಮುಂಜಿಗೆ ಮನೆಯಿಂದ ಮನೆಗೆ ಹೋಗುತ್ತದೆ, ಕಟ್ಟಿಗೆ ಒಲೆಯ ಮೇಲೆ ಕೂರುತ್ತದೆ, ಹೊರಮೈಗೆ ಮಸಿ ಹಿಡಿದರೆ ಯಾರದೆಂದು ಗೊತ್ತಾಗುವುದಿಲ್ಲ. ಹಾಗಾಗಿ ಹೆಸರು ಒಳಗೆ. ಅವ್ವನ ತವರು ಹಳಿಯಾಳದ ಹಳ್ಳಿ. ಅವಳ ಪಾತ್ರೆಗಳಲ್ಲೂ ಹಾಗೆಯೇ.

ಆ ಮಂಗಳವಾರ ಸಂಜೆ ಕಾಕಾ ಹೇಳಿದ್ದನ್ನು ಹೇಳಿದೆ. ಅವ್ವ ನನ್ನತ್ತ ನೋಡಲಿಲ್ಲ, ವೈನಿಯ ಕಡೆ ತಿರುಗಿದಳು.

"ಕೈ ತೋರ್ಸು."

ವೈನಿ ಎರಡೂ ಕೈ ಚಾಚಿದಳು.

"ಕಲಸೂಮುಂದ ಬಳಿ ತಗದಿದ್ದೀ?"

"ತಗದಿದ್ನಿರಿ ಅತ್ತಿ."

"ಉಗುರ ತಿಕ್ಕಿ ತೊಳದಿದ್ದೀ?"

"ತೊಳದಿದ್ನಿರಿ."

"ಮತ್ತ ಎಲ್ಲಿಂದ ಬಂತು? ನನ್ನ ಕೈಯಾಗ ಇಷ್ಟ ವರ್ಷ ಒಂದ ಚುಕ್ಕಿ ಬಂದಿಲ್ಲ."

ಅವ್ವ ಹಿತ್ತಲಿಗೆ ಹೋದ ಮೇಲೆ ವೈನಿ ನನ್ನ ಕಿವಿಯಲ್ಲಿ, "ಅವರ ಕೈಯಾಗ ಹಿಟ್ಟ ಎದ್ದರಲ್ಲ ಚುಕ್ಕಿ ಏಳೂದು," ಎಂದಳು. ನಗು ತಡೆಯುವುದು ಕಷ್ಟವಾಯಿತು. ಆದರೂ ಅವಳ ಕೈಯನ್ನು ನಾನೂ ಒಮ್ಮೆ ನೋಡಿದೆ. ಸಂಶಯ ಒಮ್ಮೆ ಮನೆಗೆ ಬಂದರೆ ಯಾರನ್ನೂ ಬಿಡುವುದಿಲ್ಲ.

ನಾನು ಒಂದೊಂದನ್ನೇ ಹಿಡಿದೆ. ಮೊದಲು ನೀರು. ನಮ್ಮ ಓಣಿಯ ಬೋರ್‌ವೆಲ್ ನೀರು ಬಕೆಟ್ಟಿನ ಅಂಚಿಗೆ ಕೆಂಪು ಬಳಿಯುತ್ತದೆ. ಅದನ್ನು ಬಿಟ್ಟು ನಳದ ನೀರನ್ನು ಬಿಳಿ ಬಟ್ಟೆಯಲ್ಲಿ ಸೋಸಿ ರುಬ್ಬಿದೆವು. ಚುಕ್ಕಿ ಬಂತು. ಆಮೇಲೆ ಪಾತ್ರೆ ತಿಕ್ಕುವ ತಂತಿಯ ಉಂಡೆ. ಅದರ ಎಳೆ ಮುರಿದು ಪಾತ್ರೆಯಲ್ಲಿ ಉಳಿದರೆ ತುಕ್ಕಾಗುತ್ತದೆ ಎಂದು ಗುಮಾನಿ ಬಂದು ಅದನ್ನು ಎಸೆದು ತೆಂಗಿನ ನಾರು ತಂದೆ. ಚುಕ್ಕಿ ಬಂತು. ಉಪ್ಪನ್ನು ತಟ್ಟೆಯಲ್ಲಿ ಹರಡಿ ಬೆಳಕಿಗೆ ಹಿಡಿದು ನೋಡಿದೆ, ಬಿಳಿಯಾಗಿಯೇ ಇತ್ತು. ಉಳಿದದ್ದು ಎರಡು: ಬೋಗುಣಿ, ಇಲ್ಲವೇ ಕೈ.

"ಬೋಗುಣಿನ ಇರಬೇಕ," ಎಂದಳು ಅವ್ವ. "ಸಂತ್ಯಾಗಿನ ಸ್ಟೀಲ. ಥಳಥಳ ಅಂತಿರತೈತಿ, ಒಳಗ ಏನಿರತೈತೋ ಯಾರಿಗೆ ಗೊತ್ತು."

ವೈನಿಯ ಮುಖ ಕೆಂಪಾಯಿತು. "ಸಂತ್ಯಾಗಿಂದ ಅಲ್ರಿ. ನಮ್ಮಪ್ಪ ಮುಂಡಗೋಡಕ್ಕ ಹೋಗಿ, ಮೂರ ಅಂಗಡಿ ಅಡ್ಡಾಡಿ ತಂದಾನ. ಬಸ್ಸಿನ್ಯಾಗ ತೊಡಿ ಮ್ಯಾಲೆ ಇಟ್ಕೊಂಡ ಬಂದಾನ, ತಗ್ಗ ಬೀಳಬಾರದಂತ."

"ತೊಡಿ ಮ್ಯಾಲೆ ಇಟ್ಕೊಂಡ್ರ ಸ್ಟೀಲ ಛಲೋ ಆಗತೈತೇನ?"

ಅಷ್ಟಕ್ಕೇ ಮಾತು ನಿಂತಿತು. ಆದರೆ ಆ ದಿನದಿಂದ ಕೇಳಬೇಕಾದ ಪ್ರಶ್ನೆ ಯಾವುದೆಂದು ಮನೆಯ ಎಲ್ಲರಿಗೂ ಗೊತ್ತಿತ್ತು. ತಪ್ಪು ಬೋಗುಣಿಯದಾದರೆ ವೈನಿಯ ತವರಿಗೆ ಹೆಸರು ಕೆಡುತ್ತದೆ, ಕೈಯದಾದರೆ ವೈನಿಗೆ ಹಿಟ್ಟಿನ ಕೆಲಸ ತಪ್ಪುತ್ತದೆ.

ಒಳ್ಳೆಯ ಸ್ಟೀಲಿಗೆ ಅಯಸ್ಕಾಂತ ಹಿಡಿಯುವುದಿಲ್ಲ ಎಂದು ಜೊಯಿಡಾದ ಅಂಗಡಿಯಲ್ಲಿ ಕೂತು ಫೋನಿನಲ್ಲಿ ಓದಿದೆ. ಹಳೆಯ ಕಪಾಟಿನ ಬಾಗಿಲ ಅಯಸ್ಕಾಂತ ಕಿತ್ತು ಮಳಗಿಯ ಬೋಗುಣಿಗಳಿಗೆ ಹಚ್ಚಿದೆ. ಜಾರಿ ಬಿತ್ತು. ವೈನಿ ಕೈ ತಟ್ಟಿದಳು. "ನೋಡಿದ್ಯಾ! ನಮ್ಮಪ್ಪನ ಬೋಗುಣಿ!" ಮರುದಿನ ಇನ್ನೊಂದು ಕಡೆ ಓದಿದರೆ, ಅಯಸ್ಕಾಂತ ಹಿಡಿಯದ ಅಗ್ಗದ ಸ್ಟೀಲೂ ಇರುತ್ತದೆ, ಅದಕ್ಕೆ ತುಕ್ಕು ಬೇಗ ಬರುತ್ತದೆ ಎಂದಿತ್ತು. ನನಗೆ ಅಯಸ್ಕಾಂತದ ಮೇಲೂ ಸಂಶಯ, ಫೋನಿನ ಮೇಲೂ ಸಂಶಯ. ಹೊಸ ಬೋಗುಣಿ ತಂದು ನೋಡೋಣ ಎಂದೆ. ಅವ್ವ ಒಪ್ಪಿದಳು. ಭಾನುವಾರ ನಾವಿಬ್ಬರೂ ಹಳಿಯಾಳಕ್ಕೆ ಹೊರಟೆವು. ವೈನಿಯನ್ನು ಕರೆಯಲಿಲ್ಲ, ಅಕ್ಕಿ ನೆನೆಹಾಕಲು ಯಾರಾದರೂ ಮನೆಯಲ್ಲಿರಬೇಕು ಎಂದಳು ಅವ್ವ.

ಹಳಿಯಾಳದ ಪಾತ್ರೆ ಅಂಗಡಿಯ ಚಾಚಾ ಅವ್ವನಿಗೆ ಚಿಕ್ಕಂದಿನಿಂದ ಗೊತ್ತು. ಅವಳ ಮದುವೆಯ ತಟ್ಟೆ ಲೋಟಗಳೂ ಅಲ್ಲಿಯವೇ.

"ಬರ್ರಿ ಅಕ್ಕಾರ, ಬರ್ರಿ. ಏನ ಕೊಡ್ಲಿ?"

"ಹಿಟ್ಟ ಕಲಸೂ ಬೋಗುಣಿ. ದೊಡ್ಡದು. ತುಕ್ಕ ಹಿಡೀಬಾರದು."

"ಸ್ಟೀಲಿಗೆ ತುಕ್ಕ ಯಾಕ ಹಿಡೀತೈತ್ರಿ?"

"ಅದನ್ನ ನಿಮ್ಮನ್ನ ಕೇಳಾಕ ಬಂದೇವಿ," ಎಂದು ನಾನು ಚೀಲದಿಂದ ಅಯಸ್ಕಾಂತ ತೆಗೆದೆ.

ಚಾಚಾ ಗಲ್ಲದಿಂದ ಕೈ ತೆಗೆದು ನೆಟ್ಟಗೆ ಕೂತರು. "ಯಾ ಅಲ್ಲಾ! ಹತ್ಯಾರ ತಗೊಂಡ ಬಂದಾಳ ಹುಡುಗಿ."

ಮೊದಲ ಬೋಗುಣಿಗೆ ಎರಡು ಹಿಡಿಕೆಗಳಿದ್ದವು. ಹಿಡಿಕೆಯನ್ನು ಮೊಳೆ ಹೊಡೆದು ಕೂರಿಸಿದ್ದರು. ಮೊಳೆಯ ಬುಡದಲ್ಲಿ ಮಣ್ಣಿನ ಬಣ್ಣದ ಗೆರೆ ಕಂಡಿತು. ಧೂಳೋ ತುಕ್ಕೋ ತಿಳಿಯಲಿಲ್ಲ, ಪಕ್ಕಕ್ಕಿಟ್ಟೆ. ಎರಡನೆಯದರ ಅಂಚನ್ನು ಹೊರಗೆ ಸುರುಳಿ ಮಾಡಿದ್ದರು. ಸುರುಳಿಯ ಕೆಳಗೆ ಉಗುರು ಹೋಗುವಷ್ಟು ಬಾಯಿ ಬಿಟ್ಟಿತ್ತು. ತೊಳೆದ ನೀರು ಒಳಗೆ ನಿಂತರೆ ಯಾವ ಬಿಸಿಲಿಗೂ ಆರುವುದಿಲ್ಲ. ಅದನ್ನೂ ಇಟ್ಟೆ. ಮೂರನೆಯದು ಹಗುರ, ಬೆರಳಿನಿಂದ ಒತ್ತಿದರೆ ಹೊಟ್ಟೆ ಒಳಗೆ ಹೋಗುತ್ತಿತ್ತು. ನಾಲ್ಕನೆಯದು ಹಿಡಿಕೆಯಿಲ್ಲದ್ದು, ದಪ್ಪ, ಅಂಚು ಒತ್ತಿ ಮುಚ್ಚಿದ್ದು. ಎತ್ತಿದಾಗ ಮಣಿಕಟ್ಟಿಗೆ ಭಾರ ಗೊತ್ತಾಯಿತು. ಅಯಸ್ಕಾಂತ ತಳದಲ್ಲಿ ಹಿಡಿಯಲಿಲ್ಲ, ಅಂಚಿನಲ್ಲಿ ಮೆಲ್ಲಗೆ ಹಿಡಿಯಿತು.

"ಇಲ್ಲಿ ಹಿಡೀತೈತಿ."

"ಅಂಚ ಬಡದ ಮಡಚಿರತಾರ. ಬಡದ ಕಡೆ ಸ್ವಲ್ಪ ಹಿಡೀತೈತಿ."

"ತಳ ಬಡದಿಲ್ಲೇನ?"

"ತಂಗಿ, ನೀ ಬೋಗುಣಿ ತಗೊಳಾಕ ಬಂದೀಯೋ, ವರ ನೋಡಾಕ ಬಂದೀಯೋ?"

ಅವ್ವ ಬಾಯಿಗೆ ಸೆರಗು ಹಿಡಿದಳು. "ವರ ನೋಡಾಕ ಇಷ್ಟ ಚೌಕಾಸಿ ಮಾಡೂದಿಲ್ರಿ ಅಕಿ. ಬ್ಯಾಡ ಅಂತ ಒಮ್ಮಿಗೇ ಅಂದಬಿಡ್ತಾಳ."

"ತುಕ್ಕ ಹಿಡದ್ರ ಏನ ಮಾಡೂದು?" ಎಂದೆ ನಾನು.

"ತಗೊಂಡ ಬಾ. ಬದಲಿ ಕೊಡ್ತೇನಿ. ಆದ್ರ ಹೆಸರ ಹಾಕಿದ ಮ್ಯಾಲೆ ವಾಪಸ್ ಇಲ್ಲ. ಮಂದಿ ಹೆಸರಿನ ಬೋಗುಣಿ ನಾ ಯಾರಿಗೆ ಮಾರ್ಲಿ?" ಎನ್ನುತ್ತಲೇ ಚಾಚಾ ಗಲ್ಲಾಪೆಟ್ಟಿಗೆಯ ಕೆಳಗಿನಿಂದ ಹೆಸರು ಕೊರೆಯುವ ಮಷಿನ್ ತೆಗೆದು ವೈರು ಬಿಡಿಸಿದರು. "ಹೆಸರ ಪುಕಟ. ಏನ ಬರೀಲಿ ಹೇಳ್ರಿ ಅಕ್ಕಾರ."

ನನಗೆ ತಕ್ಷಣ ಹೊಳೆಯಿತು, ಮರ್ಮ ಇಲ್ಲಿದೆ. ಹೆಸರು ಪುಕ್ಕಟೆ, ಹೆಸರು ಹಾಕಿಸಿದರೆ ವಾಪಸ್ ಇಲ್ಲ. ಮಾರಿದ್ದು ತಿರುಗಿ ಬರದಂತೆ ಎಷ್ಟು ಚೊಕ್ಕ ಉಪಾಯ!

"ಅವ್ವಾ, ಹೆಸರ ಬ್ಯಾಡ."

"ಯಾಕ ಬ್ಯಾಡ?"

"ಒಂದ ತಿಂಗಳ ನೋಡೂಣು. ಆಮ್ಯಾಲೆ ಹಾಕ್ಸೂಣು."

"ಹೆಸರಿಲ್ಲದ ಬೋಗುಣಿ ಯಾರ ಮನೀದು ಅಂತ ಹೇಳೂದು? ನಿಮ್ಮಪ್ಪನ ಹೆಸರಿಲ್ಲದ ಒಂದ ಚಮಚ ನನ್ನ ಮನ್ಯಾಗಿಲ್ಲ. ಒಳಗ ಹಾಕ್ರಿ, ಹೊರಗ ಮಸಿ ಹಿಡೀತೈತಿ."

"ಇದನ್ನ ಒಲಿ ಮ್ಯಾಲೆ ಇಡೂದಿಲ್ಲಲ್ಲ."

"ನಾವ ಇಡೂದಿಲ್ಲ. ಒಯ್ದಾವ್ರು ಇಡ್ತಾರ."

ಮಷಿನ್ ದುಂಬಿಯಂತೆ ಗುಂಯ್‌ಗುಟ್ಟಿತು. ಅಪ್ಪನ ಹೆಸರು, ಕೆಳಗೆ 'ದಾಂಡೇಲಿ'. ಮುಗಿದ ಮೇಲೆ ಅವ್ವ ಅಕ್ಷರಗಳ ಮೇಲೆ ಬೆರಳಾಡಿಸಿದಳು. ಅವಳಿಗೆ ಓದಲು ಬರುತ್ತದೆ. ಆದರೂ ಹಾಗೆ ಮಾಡುತ್ತಾಳೆ.

ಮೊದಲ ಎಂಟು ಹತ್ತು ದಿನ ಹಿಟ್ಟು ಹಾಲಿನಂತಿತ್ತು. ನಾನು ಪ್ರತಿದಿನ ಬೆಳಿಗ್ಗೆ ದಿನಚರಿಯಲ್ಲಿ ಸೊನ್ನೆ ಬರೆದೆ. "ಸ್ಟೀಲ ಅಂದ್ರ ಇದು," ಎಂದು ಅವ್ವ ವೈನಿಗೆ ಕೇಳುವಂತೆ ಹೇಳಿದಳು. ಮಳಗಿಯ ಬೋಗುಣಿಗಳು ಬೋರಲಾಗಿ ಅಟ್ಟ ಸೇರಿದವು. ವೈನಿ ಅವನ್ನು ತಾನೇ ಎತ್ತಿ ಇಟ್ಟಳು. ಉಪ್ಪು ಕಲಸುವಾಗ ಹಾಡುತ್ತಿದ್ದವಳು ಹಾಡುವುದನ್ನು ನಿಲ್ಲಿಸಿದಳು.

ಆಮೇಲೊಂದು ಗುರುವಾರ, ಸೊನ್ನೆಯ ಜಾಗದಲ್ಲಿ ಒಂದು. ಶುಕ್ರವಾರ ನಾಲ್ಕು. ಕಾಕಾನ ಅಂಗಡಿಗೆ ಹೋಗುವ ಮುಂಚೆ ನಾನೇ ಚಮಚದಿಂದ ಎತ್ತಿ ತೆಗೆದೆ. ಅವ್ವ ನೋಡಿದಳು. ಈ ಸಲ ಅವಳು ಕೂಗಾಡಲಿಲ್ಲ, ಅದಕ್ಕೇ ಹೆಚ್ಚು ಭಯವಾಯಿತು.

"ಬೋಗುಣಿ ಹೊಸಾದು," ಎಂದಳು. "ನೀರ ಬದಲಿ ಆತು, ನಾರ ಬದಲಿ ಆತು. ಬದಲಿ ಆಗದ್ದ ಒಂದ ಐತಿ. ಇವತ್ತಿನಿಂದ ಹಿಟ್ಟಿಗೆ ಕೈ ಹಚ್ಚಬ್ಯಾಡ."

"ಆತ್ರಿ," ಎಂದಳು ವೈನಿ.

ಮರುದಿನ ಅವಳು ತಂಗಿಯ ಸೀಮಂತಕ್ಕೆ ಮಳಗಿಗೆ ಹೊರಟಳು. ಸೀಮಂತ ಇದ್ದದ್ದು ನಿಜ, ಆದರೆ ಮುಂದಿನ ವಾರ. ಬಸ್ ನಿಲ್ದಾಣದವರೆಗೆ ಚೀಲ ಹಿಡಿದು ನಾನು ಹೋಗಿದ್ದೆ.

"ನಾ ಹೋದ ಮ್ಯಾಲೆ ಚುಕ್ಕಿ ನಿಂತ್ರ ಫೋನ್ ಮಾಡು ತಂಗಿ," ಎಂದಳು. "ಲಗೂ ಬರೂದೇನ ಬ್ಯಾಡ ಅಂತ ತಿಳ್ಕೋತೇನಿ."

"ನಿಲ್ಲದಿದ್ರ?"

"ಆಗೂ ಮಾಡು. ನಮ್ಮಪ್ಪಗ ಹೇಳ್ಬೇಕು. ಬೋಗುಣಿ ಅಟ್ಟಕ್ಕ ಹೋಗ್ಯಾವಂತ ಗೊತ್ತಾದಾಗಿಂದ ಸುಮ್ನ ಕುಂತಾನಂತ ಅಂವ." ನಗುತ್ತಲೇ ಹೇಳಿದಳು. ಬಸ್ಸು ತಿರುಗುವವರೆಗೂ ಕಿಟಕಿಯಿಂದ ನನ್ನತ್ತ ನೋಡಲಿಲ್ಲ.

ಆ ಸಂಜೆಯಿಂದ ಅವ್ವ ತಾನೇ ಕಲಸಿದಳು. ಹಿಟ್ಟು ಮೂರು ಬೆರಳು ಏಳುವ ಕಡೆ ಒಂದೂವರೆ ಬೆರಳು ಎದ್ದಿತು.

"ಚುಕ್ಕಿ?" ಎಂದು ಬೆಳಿಗ್ಗೆ ಕೇಳಿದೆ.

"ಇಲ್ಲ."

ಮರುದಿನವೂ ಇಲ್ಲ. ಅದರ ಮರುದಿನವೂ ಇಲ್ಲ. ಫೋನ್ ಕೈಯಲ್ಲಿ ಹಿಡಿದೆ, ಕೆಳಗಿಟ್ಟೆ. ನನಗೆ ಆ 'ಇಲ್ಲ' ಸರಿ ಕಾಣಲಿಲ್ಲ. ಬೋಗುಣಿ ತೊಳೆಯುವುದು ನನ್ನ ಕೆಲಸ. ಈಗ ನಾನು ಏಳುವಷ್ಟರಲ್ಲಿ ಹಿಟ್ಟು ಬೇರೆ ಪಾತ್ರೆಗೆ ಹೋಗಿ, ಬೋಗುಣಿ ತೊಳೆದು ಬೋರಲು ಬಿದ್ದಿರುತ್ತಿತ್ತು. ಸೊಂಟ ನೋಯುತ್ತದೆ ಎಂದು ಲೋಟ ಕೂಡ ತೊಳೆಯದ ಅವ್ವನಿಗೆ ಈ ಹುರುಪು ಎಲ್ಲಿಂದ ಬಂತು? ಅಣ್ಣ ಫೋನ್ ಮಾಡಿದಾಗ ಹೇಳಿಕೊಂಡೆ. "ಅನಮೋಡ ನಾಕಾದಾಗ ನನ್ನ ಗಾಡೀನೂ ಇಷ್ಟ ತಪಾಸ ಮಾಡೂದಿಲ್ಲ," ಎಂದು ನಕ್ಕ. ಆಮೇಲೆ, "ನಿನ್ನ ವೈನಿ ಫೋನ್ ಎತ್ತವಲ್ಲಳು. ಏನರ ಮಾಡು," ಎಂದ.

ನಾಲ್ಕನೇ ದಿನ ನಾನು ಅವ್ವನಿಗಿಂತ ಮುಂಚೆ ಎದ್ದು ಸುಮ್ಮನೆ ಮಲಗಿದ್ದೆ. ಅವಳು ಎದ್ದು ಒಳಗೆ ಹೋದ ಸ್ವಲ್ಪ ಹೊತ್ತಿಗೆ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತೆ. ಅವ್ವ ಮೋರಿಯ ಪಕ್ಕ ಕೂತು, ಬೋಗುಣಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಹುಣಸೆಹಣ್ಣು ಹಚ್ಚಿದ ಹೆಬ್ಬೆರಳಿನಿಂದ ಒಳಮೈಯ ಒಂದೇ ಜಾಗವನ್ನು ತಿಕ್ಕುತ್ತಿದ್ದಳು. ಇಡೀ ಬೋಗುಣಿಯನ್ನಲ್ಲ, ಒಂದೇ ಜಾಗವನ್ನು. ಪಕ್ಕದಲ್ಲಿ, ಬೋಗುಣಿಯ ಅಂಚಿಗೆ ಅಂಟಿ ಒಣಗಿದ್ದ ಹಿಟ್ಟಿನ ಪೊರೆ ಹಪ್ಪಳದಂತೆ ಎದ್ದು ಬಂದು ಬಿದ್ದಿತ್ತು. ಎತ್ತಿಕೊಂಡು ಕಿಟಕಿಗೆ ಹಿಡಿದೆ. ಬಿಳಿ ಪೊರೆಯ ತುಂಬ ಸಾಲಾಗಿ ಕಂದು ಚುಕ್ಕಿಗಳು. ಸಾಲುಗಳಿಗೆ ಒಂದು ಆಕಾರವಿತ್ತು. ಪೊರೆಯನ್ನು ತಿರುಗಿಸಿದೆ. ಕೆಳಗಿನ ಸಾಲು 'ದಾಂಡೇಲಿ'. ಮೇಲಿನದು ಅಪ್ಪ.

"ಅವ್ವಾ."

"ಗೊತ್ತೈತಿ."

"ಯಾವಾಗಿಂದ?"

"ಅಕಿ ಹೋದ ಮರುದಿನದಿಂದ."

"ಮತ್ತ ಹೇಳ್ಲಿಲ್ಲ?"

ಅವ್ವ ಹೆಬ್ಬೆರಳು ನಿಲ್ಲಿಸಲಿಲ್ಲ. "ಏನಂತ ಹೇಳ್ಲಿ? ನಿಮ್ಮಪ್ಪನ ಹೆಸರಿನಿಂದ ತುಕ್ಕ ಬರತೈತಿ, ಅದನ್ನ ನಾ ಮಂದಿಗೆ ತಿನ್ನಸ್ತೇನಿ ಅಂತ ಹೇಳ್ಲೇನ?"

ನಾನು ಅಟ್ಟ ಹತ್ತಿ ಮಳಗಿಯ ಬೋಗುಣಿಗಳನ್ನು ಇಳಿಸಿದೆ. ಅಲ್ಲೂ ಅದೇ. 'ಮಳಗಿ'ಯ ಪ್ರತಿ ಚುಕ್ಕಿಯ ಸುತ್ತ ಕಂದು ಉಂಗುರ. ಹಿಂದೆಯೂ ಕಂಡಿದ್ದೇ. ಆದರೆ ಕೊರೆದ ಅಕ್ಷರದಲ್ಲಿ ಕೊಳೆ ಕೂರುವುದು ಹೊಸದಲ್ಲ. ನಮ್ಮ ಮನೆಯ ಎಲ್ಲ ತಟ್ಟೆಗಳ ಹೆಸರಲ್ಲೂ ಒಂದಿಷ್ಟು ಕಪ್ಪು ಇದ್ದೇ ಇದೆ. ಕಣ್ಣು ಅದನ್ನು ಹೆಸರೆಂದು ಓದಿತ್ತು, ಕಲೆ ಎಂದು ನೋಡಿರಲಿಲ್ಲ. ಎರಡೂ ಊರಿನ ಬೋಗುಣಿಗಳ ಮೈ ಉಳಿದ ಕಡೆಯೆಲ್ಲ ಚೊಕ್ಕವಾಗಿತ್ತು.

ಆದರೂ ನನಗೆ ಪೂರ್ತಿ ನಂಬಿಕೆ ಬರಲಿಲ್ಲ. ಆ ಸಂಜೆ ಹೆಸರಿಲ್ಲದ ಒಂದು ಸಣ್ಣ ಸ್ಟೀಲ್ ಡಬ್ಬಿಯಲ್ಲಿ ಅದೇ ಹಿಟ್ಟು, ಅದೇ ಉಪ್ಪು ಹಾಕಿ ಬೋಗುಣಿಯ ಪಕ್ಕದಲ್ಲೇ ಇಟ್ಟೆ. ಆ ಡಬ್ಬಿ ನನ್ನ ಬುತ್ತಿಯದು, ಜೊಯಿಡಾಕ್ಕೆ ಒಯ್ಯುವುದು. ಹೊಸದು, ಅವ್ವನ ಕಣ್ಣಿಗೆ ಬೀಳದೆ ಹೆಸರು ತಪ್ಪಿಸಿಕೊಂಡಿದ್ದು. ಎರಡು ಬೆಳಿಗ್ಗೆ ನೋಡಿದೆ. ಡಬ್ಬಿಯಲ್ಲಿ ಸೊನ್ನೆ, ಬೋಗುಣಿಯಲ್ಲಿ ಚುಕ್ಕಿ. ಯಾಕೆ ಎಂದು ಇಂದಿಗೂ ಖಚಿತವಾಗಿ ಹೇಳಲಾರೆ. ಕೊರೆಯುವ ಮೊನೆಯ ಕಬ್ಬಿಣ ಅಲ್ಲಿ ಉಳಿಯುತ್ತದೋ, ಸ್ಟೀಲಿನ ಮೇಲ್ಮೈ ಅಲ್ಲಿ ಹರಿಯುತ್ತದೋ, ಆ ಸಣ್ಣ ಗುಳಿಗಳಲ್ಲಿ ಹುಳಿ ಮತ್ತು ಉಪ್ಪು ಕೂತು ತಿನ್ನುತ್ತದೋ. ಮೂರೂ ಇರಬಹುದು. ಹಿಟ್ಟು ಉಬ್ಬಿ ಅಂಚಿನವರೆಗೆ ಬಂದು ಬೆಳಗಿನವರೆಗೆ ಹೆಸರನ್ನು ಮುಳುಗಿಸಿಕೊಂಡು ನಿಲ್ಲುತ್ತಿತ್ತು. ಹೆಚ್ಚು ಉಬ್ಬಿದಷ್ಟೂ ಹೆಚ್ಚು ಅಕ್ಷರ ಮುಳುಗುತ್ತಿದ್ದವು. ವೈನಿಯ ಕೈಯಲ್ಲಿ ಚುಕ್ಕಿ ಹೆಚ್ಚಿದ್ದು ಅವಳ ಕೈ ಒಳ್ಳೆಯದಿದ್ದುದಕ್ಕೇ.

"ವೈನಿಗೆ ಫೋನ್ ಮಾಡ್ಲೇನ?" ಎಂದೆ.

"ತಡಿ. ಮೊದಲ ಬೋಗುಣಿ ತಗೊಂಡ ಬಾ. ಬರಿಗೈಲೆ ಏನಂತ ಕರೀಲಿ?"

ಹಳಿಯಾಳಕ್ಕೆ ಒಬ್ಬಳೇ ಹೋದೆ. ಅಪ್ಪನ ಹೆಸರಿನ ಬೋಗುಣಿಯನ್ನೂ ಒಯ್ದೆ, ಬದಲಿಸಲು ಅಲ್ಲ, ತೋರಿಸಲು. ಚಾಚಾ ಅದನ್ನು ಬಾಗಿಲ ಬೆಳಕಿಗೆ ಒಯ್ದು ತಿರುಗಿಸಿ ತಿರುಗಿಸಿ ನೋಡಿದರು.

"ಬೋಗುಣಿ ಚೊಕ್ಕ ಐತಲ್ಲ."

"ಬೋಗುಣಿ ಚೊಕ್ಕ ಐತ್ರಿ. ಹೆಸರ ನೋಡ್ರಿ. ನಿಮ್ಮ ಮಷಿನ್ನಿನ ಮೊನಿ ಯಾತರದ್ದು?"

"ಮೊನಿ ಮೊನಿನ. ಇನ್ಯಾತರದ್ದಿರತೈತಿ?" ಅವರ ದನಿ ಸ್ವಲ್ಪ ಏರಿತು. "ಇಷ್ಟ ಮಂದಿ ಹೆಸರ ಹಾಕ್ಸ್ಯಾರ, ಯಾರೂ ಹಿಂಗ ತಂದಿಲ್ಲ. ಮಂದಿ ಬೋಗುಣ್ಯಾಗ ಸಾರ ಮಾಡ್ತಾರ, ಉಣ್ತಾರ, ತೊಳೀತಾರ. ನೀವು ಹುಳಿ ಹಿಟ್ಟ ದಿನಾ ತುಂಬಿ ಇಡ್ತೀರಿ. ಹೆಸರರ ಏನ ಮಾಡೀತು ಪಾಪ?"

ಅದು ಸುಳ್ಳಲ್ಲ. ಆದರೂ ಅವರು ಮಾತಾಡುತ್ತಲೇ ಮಷಿನ್ನನ್ನು ಕಾಲಿನಿಂದ ಗಲ್ಲಾಪೆಟ್ಟಿಗೆಯ ಕೆಳಗೆ ಸರಿಸಿದ್ದನ್ನು ನಾನು ನೋಡಿದೆ. ಅಂಥದೇ ಇನ್ನೊಂದು ಬೋಗುಣಿ ಆರಿಸಿದೆ. ದಪ್ಪ, ಹಿಡಿಕೆಯಿಲ್ಲದ್ದು, ಅಂಚು ಮುಚ್ಚಿದ್ದು.

"ಹೆಸರ?"

"ಬ್ಯಾಡ್ರಿ."

"ಬ್ಯಾಡ?" ಚಾಚಾ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಅಂದ್ರ ನಾಳೆ ವಾಪಸ್ ತರೂ ವಿಚಾರ ಐತಿ ನಿಂದು."

ಇಷ್ಟು ದಿನ ಎಲ್ಲರ ಮೇಲೂ ಸಂಶಯಪಟ್ಟವಳಿಗೆ, ಯಾರೋ ತನ್ನ ಮೇಲೆ ಸಂಶಯಪಟ್ಟರೆ ಹೇಗಿರುತ್ತದೆ ಎಂದು ಗೊತ್ತಾಯಿತು. ಕಿವಿ ಬಿಸಿಯಾಗುತ್ತದೆ. ವೈನಿ ಎರಡು ಕೈ ಚಾಚಿ ನಿಂತದ್ದು ನೆನಪಾಯಿತು.

ಅವ್ವ ಹೊಸ ಬೋಗುಣಿಯನ್ನು ನೀರಿನಲ್ಲಿ ತೊಳೆದು, ಒರೆಸಿ, ಒಳಮೈಯ ಮೇಲೆ ಬೆರಳಾಡಿಸಿದಳು. ಬೆರಳು ಎಲ್ಲೂ ನಿಲ್ಲಲಿಲ್ಲ. "ಬತ್ತಲ ಕಾಣತೈತಿ," ಎಂದಳು. ಆಮೇಲೆ ನನ್ನ ಫೋನ್ ಕೇಳಿದಳು. ಅವಳು ವೈನಿಗೆ ತಾನಾಗಿ ಫೋನ್ ಮಾಡಿದ್ದು ಅದೇ ಮೊದಲು. ಅವಳಿಗೆ ಫೋನ್ ಕಿವಿಗೆ ಹಿಡಿದರೆ ಕೇಳಿಸುವುದಿಲ್ಲ, ಸ್ಪೀಕರ್ ಹಾಕಿಕೊಟ್ಟೆ.

"ಸೀಮಂತ ಮುಗೀತೇನ?"

"ಮುಗೀತ್ರಿ ಅತ್ತಿ."

"ಹಿಟ್ಟ ಉಬ್ಬವಲ್ದು."

ಆ ಕಡೆ ಎಲ್ಲೋ ಕೋಳಿ ಕೂಗಿದ್ದು ಕೇಳಿಸಿತು.

"ಚುಕ್ಕಿ ನಿಂತಾವೇನ್ರಿ?" ಎಂದಳು ವೈನಿ ಕೊನೆಗೆ.

ಅವ್ವ ಫೋನನ್ನು ಬಾಯಿಯ ಹತ್ತಿರ ತಂದಳು. "ಚುಕ್ಕಿ ನಿನ್ನ ಕೈದಲ್ಲ. ನಿಮ್ಮಪ್ಪನ ಬೋಗುಣೀದೂ ಅಲ್ಲ. ಅವರಿಗೆ ಹೇಳು. ನಾ ಹೇಳೇನಿ ಅಂತ ಹೇಳು. ಬಾ ಇನ್ನ."

ವೈನಿ ಬಂದಳು. ಮಳಗಿಯ ಬೋಗುಣಿಗಳು ಮತ್ತೆ ಅಟ್ಟಕ್ಕೆ ಹೋಗಲಿಲ್ಲ; ಒಂದರಲ್ಲಿ ಚಪಾತಿ ಹಿಟ್ಟು ನಾದುತ್ತೇವೆ, ಇನ್ನೊಂದರಲ್ಲಿ ಅಕ್ಕಿ ತುಂಬಿಡುತ್ತೇವೆ. ಹುಳಿ ತಾಗದ ಕೆಲಸದಲ್ಲಿ ಅವುಗಳ ಹೆಸರು ಏನೂ ಮಾಡುವುದಿಲ್ಲ. ಅಪ್ಪನ ಹೆಸರಿನ ಬೋಗುಣಿಯನ್ನು ಅವ್ವ ಓಣಿಯವರಿಗೆ ಎರವಲು ಕೊಡಲು ಇಟ್ಟಿದ್ದಾಳೆ. ಮೊನ್ನೆ ಎದುರು ಮನೆಯವರು ದೊಡ್ಡ ಬೋಗುಣಿ ಕೇಳಿಕೊಂಡು ಬಂದು, ಹೊಸದರ ಮೇಲೆ ಕೈ ಇಟ್ಟರು. "ಅದಕ್ಕ ಹೆಸರಿಲ್ಲ, ಅದು ಮನಿ ಬಿಟ್ಟ ಹೋಗೂದಿಲ್ಲ. ಇದನ್ನ ಒಯ್ರಿ," ಎಂದು ಅಪ್ಪನದನ್ನು ಕೊಟ್ಟು ಕಳಿಸಿದಳು.

ಹೊಸ ಬೋಗುಣಿಯಲ್ಲಿ ಈವರೆಗೆ ಚುಕ್ಕಿ ಬಂದಿಲ್ಲ. ನಾನು ಇನ್ನೂ ದಿನಾ ನೋಡುತ್ತೇನೆ. ಕಾಕಾ ಕೂಡ ಗಿರಾಕಿಗೆ ಕೊಡುವ ಮುಂಚೆ ಒಂದೊಂದು ಇಡ್ಲಿಯನ್ನೂ ಮಗುಚಿ ನೋಡುತ್ತಾರೆ. "ನಂಬಿಕಿ ಐತಿ ತಂಗಿ, ನೋಡೂದ ಬಿಡೂದಿಲ್ಲ ಅಷ್ಟ," ಎನ್ನುತ್ತಾರೆ.

ವೈನಿ ಬಂದ ದಿನ ಸಂಜೆ, ಅವ್ವ ರುಬ್ಬಿದ ಹಿಟ್ಟನ್ನು ಹೊಸ ಬೋಗುಣಿಗೆ ಸುರಿದು ಉಪ್ಪು ಹಾಕಿದಳು. ವೈನಿ ಬಳೆ ತೆಗೆದಿಟ್ಟು, ಕೈ ತೊಳೆದು ಬಂದು, ಎರಡೂ ಅಂಗೈಗಳನ್ನು ಅವ್ವನ ಮುಖದ ಮುಂದೆ ಹಿಡಿದಳು. ಆಮೇಲೆ ಅಂಗೈ ಮಗುಚಿ ಉಗುರು ತೋರಿಸಿದಳು.

"ನೋಡ್ರಿ ಅತ್ತಿ. ಬಳಿ ಇಲ್ಲ. ಉಗುರ ಚೊಕ್ಕ. ಬೇಕಾದ್ರ ತಂಗಿ ಅಯಸ್ಕಾಂತ ಹಚ್ಚಿ ನೋಡ್ಲಿ."

"ಸಾಕ, ಶಾಣ್ಯಾಕಿ," ಎಂದಳು ಅವ್ವ, ಅವಳ ಕೈಯತ್ತ ನೋಡದೆ ಬೋಗುಣಿಯನ್ನು ಅವಳ ಕಡೆ ದಬ್ಬುತ್ತ. "ಕಲಸು. ತಂಪಾಗತೈತಿ."